ಎರಡು ಕಡು ನೇರಳೆ, ಒಂದೇ ಗೋಡೆ. ಯಾವುದು ಹೊಡೆಸಲಿ?

ಗೋಡೆಗಿವಿ · ಬುಧವಾರ ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ತಲೆ ಕೆಟ್ಟು ಹೋಗಿದೆ. ಮೈಸೂರಿನಲ್ಲಿ ನಮ್ಮದು ಹಳೇ ಮನೆ, ಮಾವ ಕಟ್ಟಿಸಿದ್ದು. ಮಲಗುವ ಕೋಣೆಯಲ್ಲಿ ಮಂಚದ ಹಿಂದಿನ ಒಂದೇ ಒಂದು ಗೋಡೆಗೆ ಕಡು ನೇರಳೆ ಹೊಡೆಸಬೇಕು ಅಂತ ನನ್ನ ಬಹಳ ದಿನದ ಆಸೆ. ಉಳಿದ ಮೂರು ಗೋಡೆ ಕೆನೆ ಬಿಳಿ. ಗೋಡೆ 12 ಅಡಿ ಉದ್ದ, 10 ಅಡಿ ಎತ್ತರ. ಕಿಟಕಿ ಒಂದೇ, ಪಶ್ಚಿಮಕ್ಕೆ.

ಶೇಡ್ ಕಾರ್ಡ್ ತಿರುಗಿಸಿ ತಿರುಗಿಸಿ ಕೊನೆಗೆ ಎರಡು ಉಳಿದಿವೆ. ಕಂಪನಿ ಹೆಸರು, ಕೋಡ್ ಹಾಕುವುದಿಲ್ಲ. ಹಾಕಿದರೆ ಬಣ್ಣ ಬಿಟ್ಟು ಕಂಪನಿ ಜಗಳ ಶುರುವಾಗುತ್ತೆ. ಒಂದನ್ನು 'ಬದನೆ' ಅಂತ ಕರೆಯುತ್ತೇನೆ, ಸ್ವಲ್ಪ ಕೆಂಪಿನ ಕಡೆಗಿದೆ. ಇನ್ನೊಂದು 'ನೇರಳೆ', ಸ್ವಲ್ಪ ನೀಲಿ ಕಡೆಗೆ. ಕಾರ್ಡಿನ ಮೇಲೆ ನನಗೆ ಬದನೆಯೇ ಇಷ್ಟ. ಆದರೆ ಮನೆಯವರು ಎರಡನ್ನೂ ನೋಡಿ "ಎರಡೂ ಕಪ್ಪು" ಅಂದರು. ಅತ್ತೆ "ಎರಡೂ ಒಂದೇ ಅಲ್ವೇನಮ್ಮಾ" ಅಂದರು. ಪೇಂಟರ್ ಸೋಮವಾರ ಬರುತ್ತಾರೆ. ಯಾರಾದರೂ ದಾರಿ ತೋರಿಸಿ.

ದಾವಣಗೆರೆ ಬೆಣ್ಣೆ · ಬುಧವಾರ ರಾತ್ರಿ 10:15

ಮೂರನೇ ದಾರಿ: ಬಿಳಿ ಹೊಡೆಸಿ, ನಿದ್ದೆ ಮಾಡಿ.

ಸೆರಗು · ಬುಧವಾರ ರಾತ್ರಿ 10:31

ಬೆಣ್ಣೆಯವರೇ, ಕೇಳಿದ್ದಕ್ಕೆ ಉತ್ತರ ಕೊಡಿ. ಬಿಳಿ ಬೇಕಿದ್ದರೆ ಅವರು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಗೋಡೆಗಿವಿ, ಸೀರೆ ಅಂಗಡಿಗೆ ಹೋದಾಗ ಏನು ಮಾಡುತ್ತೀರಿ? ಒಳಗಿನ ಲೈಟಿನಲ್ಲಿ ಇಷ್ಟವಾದ ಸೀರೆಯನ್ನು ಎತ್ತಿಕೊಂಡು ಬಾಗಿಲ ಹತ್ತಿರ ಹೋಗಿ ಬಿಸಿಲಿಗೆ ಹಿಡಿಯುತ್ತೀರಿ, ಅಲ್ವಾ? ನಮ್ಮಮ್ಮ ಅಂಗಡಿಯವನು ಬೇಡ ಅಂದರೂ ರಸ್ತೆಗೇ ಇಳಿಯುತ್ತಿದ್ದರು. ನೇರಳೆ ಬಣ್ಣದ ಸೀರೆಗಂತೂ ಇದು ಬೇಕೇ ಬೇಕು. ಬ್ಲೌಸ್ ಪೀಸ್ ಮ್ಯಾಚಿಂಗ್ ಮಾಡುವವರನ್ನು ಕೇಳಿ, ಅವರಿಗೆ ಅತಿ ಕಾಟ ಕೊಡುವ ಬಣ್ಣ ಇದೇ. ಅಂಗಡಿಯಲ್ಲಿ ಸರಿಯಾಗಿ ಕೂಡಿದ ಬಟ್ಟೆ ಮನೆಗೆ ಬಂದ ಮೇಲೆ ಒಂದು ನೀಲಿ, ಒಂದು ಮರೂನ್ ಆಗಿರುತ್ತೆ. ಬಟ್ಟೆ ಬದಲಾಗಿರುವುದಿಲ್ಲ, ಲೈಟ್ ಬದಲಾಗಿರುತ್ತೆ.

ಗೋಡೆಯನ್ನು ಬಾಗಿಲಿಗೆ ಒಯ್ಯೋಕೆ ಆಗಲ್ಲ. ಹಾಗಾಗಿ ಬಣ್ಣವನ್ನೇ ಗೋಡೆಗೆ ತನ್ನಿ. ಸ್ಯಾಂಪಲ್ ಡಬ್ಬ ತಗೊಳ್ಳಿ.

ಉದ್ದಿನವಡೆ · ಬುಧವಾರ ರಾತ್ರಿ 10:40

ಮೊದಲು ಒಂದು ತಕರಾರು. ಬದನೆಕಾಯಿ ಬಣ್ಣ ಅಂದರೆ ಯಾವ ಬದನೆ? ನಮ್ಮ ಉಡುಪಿ ಕಡೆ ಮಟ್ಟು ಗುಳ್ಳ ಹಸಿರು. ಅದಕ್ಕೆ 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ. ನಿಮ್ಮ ಮೈಸೂರಿನ ಈರನಗೆರೆ ಬದನೆಯೂ ಹಸಿರೇ. ಮೈಸೂರಿನಲ್ಲಿ ಕೂತು ಬದನೆ ಅಂದರೆ ನೇರಳೆ ಅಂತ ಹೇಗ್ರೀ ಹೇಳುತ್ತೀರಿ?

ಎಣ್ಣೆಗಾಯಿ · ಬುಧವಾರ ರಾತ್ರಿ 10:44

ಹುಬ್ಬಳ್ಳಿಗೆ ಬರ್ರಿ, ಮುಳಗಾಯಿ ತೋರಸ್ತೀನಿ. ಬದನೆಕಾಯಿ ಅಂದ್ರ ಅದು. ತೊಟ್ಟಿನ ಮ್ಯಾಲ ಮುಳ್ಳು, ಮೈ ಮಿರಮಿರ. ನಿಮ್ಮ ಗುಳ್ಳ ಸಾಂಬಾರಿಗೆ ಛಲೋ, ಬಣ್ಣಕ್ಕ ಅಲ್ಲ. ಮತ್ತ ಆ ಬಣ್ಣಕ್ಕ ನಮ್ಮ ಕಡೆ ಊದಾ ಅಂತೀವಿ.

ಉದ್ದಿನವಡೆ · ಬುಧವಾರ ರಾತ್ರಿ 10:47

ಊದಾ ಬೇರೆ, ನೇರಳೆ ಬೇರೆ. ಕಾಮನಬಿಲ್ಲಿನ ಪಾಠ ಮರೆತಿರಾ? ನೇರಳೆ, ಊದಾ, ನೀಲಿ, ಹಸಿರು... ಎರಡೂ ಬೇರೆ ಬೇರೆ ಬಣ್ಣ.

ಎಣ್ಣೆಗಾಯಿ · ಬುಧವಾರ ರಾತ್ರಿ 10:49

ಪಾಠದಾಗ ಬೇರೆ. ಜವಳಿ ಸಾಲಿನ್ಯಾಗ ಒಂದ.

ಬಲ್ಬ್ ಲೆಕ್ಕ · ಬುಧವಾರ ರಾತ್ರಿ 11:05

ಹೆಸರಿನ ಜಗಳಕ್ಕೆ ಕೊನೆ ಇಲ್ಲ. ಬೆಂಗಳೂರು ನೀಲಿ ದ್ರಾಕ್ಷಿ ಅಂತ ಜಿಐ ಟ್ಯಾಗ್ ಪಡೆದ ಹಣ್ಣು ನೋಡೋಕೆ ಅಪ್ಪಟ ನೇರಳೆ, ತಿನ್ನುವವರು ಕರೆಯುವುದು ಕಪ್ಪು ದ್ರಾಕ್ಷಿ ಅಂತ. ಒಂದೇ ಹಣ್ಣಿಗೆ ಮೂರು ಬಣ್ಣ.

ವಿಷಯಕ್ಕೆ ಬರುತ್ತೇನೆ. ಮೇಡಂ, ಆ ಕೋಣೆಯಲ್ಲಿ ಯಾವ ಬಲ್ಬ್ ಇದೆ? ಡಬ್ಬದ ಮೇಲೆ 'ಕೆ' ಅಂತ ಒಂದು ಸಂಖ್ಯೆ ಇರುತ್ತೆ. 6500 ಅಂದರೆ ಟ್ಯೂಬ್‌ಲೈಟಿನಂಥ ನೀಲಿ ಬಿಳುಪು. 3000 ಅಂದರೆ ಹಳೇ ಬುರುಡೆ ಬಲ್ಬಿನಂಥ ಹಳದಿ. 4000 ನಡುವಿನದು. ನೇರಳೆ ಅಂದರೆ ಕೆಂಪು, ನೀಲಿ ಸೇರಿ ಆದದ್ದು. 6500ರ ಬೆಳಕಿನಲ್ಲಿ ಅದರ ನೀಲಿ ಎದ್ದು ಕಾಣುತ್ತೆ, 3000ದ ಬೆಳಕಿನಲ್ಲಿ ಕೆಂಪು ಎದ್ದು ಕಾಣುತ್ತೆ. ಬೇರೆ ಯಾವ ಬಣ್ಣವೂ ಇಷ್ಟು ಪಕ್ಷಾಂತರ ಮಾಡುವುದಿಲ್ಲ.

ಇನ್ನೊಂದು. ಅಗ್ಗದ ಎಲ್‌ಇಡಿಗಳಲ್ಲಿ ಕಡು ಕೆಂಪು ಬೆಳಕು ಕಮ್ಮಿ. ಬೆಳಕು ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತೆ ಅನ್ನುವ ಅಳತೆಗೆ ಸಿಆರ್‌ಐ ಅಂತಾರೆ. ಡಬ್ಬದಲ್ಲಿ ಅದು 80 ಅಂತ ಇದ್ದರೆ ಸಾಧಾರಣ, 90ರ ಮೇಲಿದ್ದರೆ ಬಣ್ಣ ಸರಿಯಾಗಿ ಕಾಣುತ್ತೆ. ನಿಮ್ಮ ಬದನೆ 80ರ ಬಲ್ಬಿನ ಕೆಳಗೆ ಸತ್ತು ಹೋಗಬಹುದು.

ಗೋಡೆಗಿವಿ · ಬುಧವಾರ ರಾತ್ರಿ 11:20

ಹೋಗಿ ನೋಡಿಕೊಂಡು ಬಂದೆ. ಮೇಲಿನ ಬ್ಯಾಟನ್, ಅದೇ ಉದ್ದನೆ ಎಲ್‌ಇಡಿ ದೀಪ, 6500. ಮಂಚದ ಪಕ್ಕದ ದೀಪ 3000. ರಾತ್ರಿ ಒಂಬತ್ತರ ಮೇಲೆ ಮಂಚದ ದೀಪ ಮಾತ್ರ ಹಾಕುತ್ತೇವೆ. ಹಗಲು ಆ ಕೋಣೆಗೆ ಯಾರೂ ಹೋಗುವುದೇ ಇಲ್ಲ. ಎರಡೂ ಶೇಡಿನ ಫೋಟೋ ಹಾಕಿದ್ದೇನೆ ನೋಡಿ.

ದಾವಣಗೆರೆ ಬೆಣ್ಣೆ · ಬುಧವಾರ ರಾತ್ರಿ 11:22

ಫೋಟೋದಲ್ಲಿ ಎರಡೂ ನೇವಿ ಬ್ಲೂ.

ಕಂಬಳಿಹುಳು · ಬುಧವಾರ ರಾತ್ರಿ 11:26

ನನಗೆ ಒಂದು ಕಂದು, ಒಂದು ನೀಲಿ.

ಬಲ್ಬ್ ಲೆಕ್ಕ · ಬುಧವಾರ ರಾತ್ರಿ 11:30

ಅದಕ್ಕೇ ಫೋಟೋ ನಂಬಬೇಡಿ. ಫೋನು ತಾನೇ ಬಿಳುಪನ್ನು ಸರಿ ಮಾಡೋಕೆ ಹೋಗುತ್ತೆ, ನೇರಳೆ ನೀಲಿಯಾಗಿಬಿಡುತ್ತೆ. ಅದರ ಮೇಲೆ ನಮ್ಮೊಬ್ಬೊಬ್ಬರ ಸ್ಕ್ರೀನ್ ಒಂದೊಂದು ಥರ. ಇಲ್ಲಿ ಮತ ಹಾಕಿಸಿ ಪ್ರಯೋಜನ ಇಲ್ಲ.

ಶಿರಸಿ ಅಂಗಡಿ · ಗುರುವಾರ ಬೆಳಿಗ್ಗೆ 7:10

ಹದಿನೆಂಟು ವರ್ಷದಿಂದ ಪೇಂಟ್ ಅಂಗಡಿ ನಡೆಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಕಡು ಬಣ್ಣದ ಡಬ್ಬಕ್ಕೂ ತಿಳಿ ಬಣ್ಣದ ಡಬ್ಬಕ್ಕೂ ಒಳಗಿನ ಮಾಲೇ ಬೇರೆ. ತಿಳಿ ಬಣ್ಣದ ಬೇಸಿನಲ್ಲಿ (ಬಣ್ಣ ಬೆರೆಸುವ ಮುಂಚಿನ ಮೂಲ ಪೇಂಟು) ಬಿಳಿ ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ಪುಡಿ, ತುಂಬಿರುತ್ತೆ, ಟೈಟಾನಿಯಂ ಡೈಆಕ್ಸೈಡ್. ಹಿಂದಿನದನ್ನು ಮುಚ್ಚುವ ಕೆಲಸ ಅದರದ್ದೇ. ಕಡು ನೇರಳೆಗೆ ಅದನ್ನು ಹಾಕಿದರೆ ಬಣ್ಣ ತಿಳಿಯಾಗಿಬಿಡುತ್ತೆ, ಹಾಗಾಗಿ ಆ ಬೇಸಿನಲ್ಲಿ ಬಿಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮುಚ್ಚಳ ತೆಗೆದರೆ ಮಜ್ಜಿಗೆಯಂತೆ ಕಾಣುತ್ತೆ, ಗೋಡೆಗೆ ಹಚ್ಚಿದರೆ ಗಾಜಿನಂತೆ ಒಣಗುತ್ತೆ. ಅದಕ್ಕೆ ಮಿಷನ್ನು ನೇರಳೆ, ಕೆಂಪು, ಕಪ್ಪು ಬಣ್ಣಗಳನ್ನು ಅಳೆದು ಬಿಡುತ್ತೆ. ಜಾಸ್ತಿ ಬಣ್ಣ ಬೇಕು, ಅದಕ್ಕೇ ಈ ಡಬ್ಬ ದುಬಾರಿ. ಮತ್ತೆ ಎರಡು ಕೋಟ್ ಹೊಡೆದರೂ ಗೋಡೆ ಮುಚ್ಚಲ್ಲ. ರೋಲರ್ ಓಡಿದ ದಾರಿ ಪಟ್ಟೆ ಪಟ್ಟೆಯಾಗಿ ಕಾಣುತ್ತೆ. ಗಿರಾಕಿಗಳು ಡಬ್ಬ ಹಿಡಿದು ಜಗಳಕ್ಕೆ ಬರುವುದು ಇದೇ ಹಂತದಲ್ಲಿ.

ಮೂರು ಕೋಟ್ ಅಂತ ಮೊದಲೇ ಮಾತಾಡಿಕೊಳ್ಳಿ. ಬಣ್ಣಕ್ಕೆ ಮೊದಲು ಅಡಿಗೆ ಹೊಡೆಯುವ ಪ್ರೈಮರ್ ಬಿಳಿಯದರ ಬದಲು ಬೂದು ಹೊಡೆಸಿ. ಬಿಳಿ ಪ್ರೈಮರಿಗೇ ಸ್ವಲ್ಪ ಕಪ್ಪು ಸ್ಟೇನರ್ (ಬೆರಕೆ ಬಣ್ಣ) ಬೆರೆಸಿದರೆ ಬೂದು ಆಯಿತು.

ಲೆಕ್ಕ: ನಿಮ್ಮ ಗೋಡೆ 120 ಚದರಡಿ. ಸಾಧಾರಣ ಎಮಲ್ಷನ್ ಒಂದು ಲೀಟರಿಗೆ ಒಂದು ಕೋಟ್ ಸುಮಾರು 120ರಿಂದ 140 ಚದರಡಿ ಬರುತ್ತೆ. ಮೂರು ಕೋಟ್ ಹೊಡೆಯೋಕೆ ಮೂರು ಲೀಟರ್. ಮೂರು ಒಂದು ಲೀಟರ್ ಡಬ್ಬ ತಗೊಂಡರೆ ಮೂರನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ ಹೊಡೆಸಿ. ಒಂದೊಂದು ಡಬ್ಬದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತೆ, ಕಡು ಬಣ್ಣದಲ್ಲಿ ಅದು ಗೋಡೆ ನಡುವೆ ಗೆರೆಯಾಗಿ ಕಾಣುತ್ತೆ. ಮಿಷನ್ನಿನಲ್ಲಿ ಬಣ್ಣ ಹಾಕಿಸಿದ ಡಬ್ಬವನ್ನು ಯಾವ ಅಂಗಡಿಯವರೂ ವಾಪಸ್ ತಗೊಳ್ಳಲ್ಲ, ನಾನೂ ತಗೊಳ್ಳಲ್ಲ.

ತುಮಕೂರು ತಟ್ಟೆಇಡ್ಲಿ · ಗುರುವಾರ ಬೆಳಿಗ್ಗೆ 8:02

ಬೂದು ಪ್ರೈಮರ್ ಎಲ್ಲ ಯಾಕ್ರೀ? ನಮ್ಮನೆಯಲ್ಲಿ ಬಿಳಿ ಗೋಡೆ ಮೇಲೆ ನೇರ ಎರಡು ಕೋಟ್ ಮರೂನ್ ಹೊಡೆಸಿದ್ದೇವೆ. ಚೆನ್ನಾಗೇ ಇದೆ.

ಶಿರಸಿ ಅಂಗಡಿ · ಗುರುವಾರ ಬೆಳಿಗ್ಗೆ 8:09

ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟು ನೋಡಿ ಸಾರ್. ಆಮೇಲೆ ಹೇಳಿ.

ತುಮಕೂರು ತಟ್ಟೆಇಡ್ಲಿ · ಗುರುವಾರ ರಾತ್ರಿ 8:55

ನೋಡಿದೆ. ಯಾಕಾದರೂ ಹೇಳಿದಿರೋ. ಇಷ್ಟು ದಿನ ನೆಮ್ಮದಿಯಾಗಿದ್ದೆ.

ನ್ಯೂಜೆರ್ಸಿ ನೆಂಟ · ಗುರುವಾರ ರಾತ್ರಿ 9:15

ಇಲ್ಲಿ ನಾವು ಮೊದಲು ಕೇಳುವುದು ಕಿಟಕಿ ಯಾವ ದಿಕ್ಕಿಗೆ ಅಂತ. ಉತ್ತರದ ಕಿಟಕಿ ಇದ್ದರೆ ತಣ್ಣನೆಯ ನೀಲಿ ಬೆಳಕು, ಅಲ್ಲಿ ಕೆಂಪು ಕಡೆಯ ಶೇಡ್ ಹಾಕಬೇಕು. ದಕ್ಷಿಣಕ್ಕಿದ್ದರೆ ನೀಲಿ ಕಡೆಯದು. ನಿಮ್ಮದು ಪಶ್ಚಿಮ, ಸಂಜೆ ಹೊಂಬಿಸಿಲು. ಹಾಗಾಗಿ ನೇರಳೆಯೇ ಸರಿ.

ಬಲ್ಬ್ ಲೆಕ್ಕ · ಗುರುವಾರ ರಾತ್ರಿ 9:28

ಪಶ್ಚಿಮದ ಮಾತು ಒಪ್ಪುತ್ತೇನೆ. ಆದರೆ ಉತ್ತರ-ದಕ್ಷಿಣದ ನಿಯಮ ನಿಮ್ಮೂರಿನದು. ಅಲ್ಲಿ ಸೂರ್ಯ ನೆತ್ತಿ ಮೇಲೆ ಬರುವುದೇ ಇಲ್ಲ, ಮಧ್ಯಾಹ್ನ ಯಾವಾಗಲೂ ದಕ್ಷಿಣಕ್ಕೇ. ಮೈಸೂರು ಇರುವುದು 12 ಡಿಗ್ರಿ ಉತ್ತರದಲ್ಲಿ. ಇಲ್ಲಿ ಸುಮಾರು ಏಪ್ರಿಲ್ ಕೊನೆ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ನಮ್ಮ ಉತ್ತರದ ಕಿಟಕಿಗೆ ಜೂನಿನಲ್ಲಿ ಬಿಸಿಲೂ ಬೀಳುತ್ತೆ. ಇಂಟರ್‌ನೆಟ್ಟಿನಲ್ಲಿ ಸಿಗುವ ಬಣ್ಣದ ಸಲಹೆಯಲ್ಲಿ ಅರ್ಧ ನಲವತ್ತು ಡಿಗ್ರಿ ಆಚೆಯವರು ಬರೆದದ್ದು. ಹಾಗೇ ಇಳಿಸಿಕೊಂಡರೆ ಇಲ್ಲಿ ಕೂಡುವುದಿಲ್ಲ.

ನ್ಯೂಜೆರ್ಸಿ ನೆಂಟ · ಗುರುವಾರ ರಾತ್ರಿ 9:33

ಸರಿ ಗುರು. ಮೈಸೂರಿನ ಮಗನೇ ನಾನು, ಇದು ಹೊಳೆದಿರಲಿಲ್ಲ.

ಪಂಚಾಂಗ · ಗುರುವಾರ ರಾತ್ರಿ 9:40

ದಿಕ್ಕಿನ ಮಾತು ಬಂತು ಅಂತ ಹೇಳುತ್ತೇನೆ. ಮಲಗುವ ಕೋಣೆಗೆ ಇಷ್ಟು ಕಡು ಬಣ್ಣ ವಾಸ್ತು ಪ್ರಕಾರ ಒಳ್ಳೆಯದಲ್ಲ. ಈಶಾನ್ಯ ಮೂಲೆಯಲ್ಲಂತೂ ಬೇಡವೇ ಬೇಡ.

ಸೆರಗು · ಗುರುವಾರ ರಾತ್ರಿ 9:42

ಕಿಟಕಿ ಪಶ್ಚಿಮಕ್ಕೆ ಅಂದರಲ್ಲ. ಈಶಾನ್ಯ ಎಲ್ಲಿಂದ ಬಂತು?

ಪಂಚಾಂಗ · ಗುರುವಾರ ರಾತ್ರಿ 9:44

ಸಾಮಾನ್ಯವಾಗಿ ಹೇಳಿದೆ.

ಕಂಬಳಿಹುಳು · ಗುರುವಾರ ರಾತ್ರಿ 9:51

ಬಾಡಿಗೆ ಮನೆಯವರು ಯಾರಾದರೂ ಇದನ್ನು ಓದಿ ಹುರುಪಾಗುವ ಮೊದಲು ನನ್ನ ಕಥೆ ಕೇಳಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಒಂದು ಗೋಡೆಗೆ ನಾನೇ ನೇರಳೆ ಬಳಿದೆ. ಖಾಲಿ ಮಾಡುವಾಗ ಓನರ್ ಪೇಂಟಿಂಗಿಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಅದು ಎಲ್ಲರಿಗೂ ಇದ್ದದ್ದೇ ಬಿಡಿ. ಅದರ ಮೇಲೆ "ಈ ಗೋಡೆ ಬಿಳಿಯಾಗೋಕೆ ನಾಲ್ಕು ಕೋಟ್ ಬೇಕು" ಅಂತ ಇನ್ನೂ ಹಿಡಿದರು. ಮೆಟ್ರೋ ನೇರಳೆ ಮಾರ್ಗ ನೋಡಿದರೆ ಈಗಲೂ ಹೊಟ್ಟೆ ಉರಿಯುತ್ತೆ.

ಕರಾವಳಿ ಅಕ್ಕ · ಗುರುವಾರ ರಾತ್ರಿ 10:20

ಗೋಡೆಗಿವಿ, ನಿಮ್ಮ ಗೋಡೆಯ ಆಚೆ ಬದಿ ಏನಿದೆ? ಬಚ್ಚಲು ಇದೆಯಾ, ಹೊರಗಿನ ಗೋಡೆಯಾ?

ನಮ್ಮದು ಮಂಗಳೂರು ಹತ್ತಿರ. ನಾನೂ ಹೀಗೇ ಆಸೆಪಟ್ಟು ಕಡು ನೀಲಿ ಹೊಡೆಸಿದೆ. ಜನವರಿಯಲ್ಲಿ ಬಂದವರೆಲ್ಲ ಹೊಗಳಿದರು. ಜುಲೈನಲ್ಲಿ ಗೋಡೆ ಕೆಳಗಿನಿಂದ ಮೊಣಕಾಲೆತ್ತರಕ್ಕೆ ಬಿಳಿ ಬಿಳಿ ಉಪ್ಪು ಎದ್ದಿತು. ಕೈಯಲ್ಲಿ ಮುಟ್ಟಿದರೆ ಹಿಟ್ಟು. ಒರೆಸಿದರೆ ಹೋಗುತ್ತೆ, ಎರಡು ದಿನಕ್ಕೆ ಮತ್ತೆ ಬರುತ್ತೆ. ಗೋಡೆಯೊಳಗಿನ ತೇವ ಉಪ್ಪನ್ನು ಕರಗಿಸಿಕೊಂಡು ಹೊರಗೆ ತರುತ್ತೆ, ನೀರು ಆರುತ್ತೆ, ಉಪ್ಪು ಉಳಿಯುತ್ತೆ. ಬಿಳಿ ಗೋಡೆಯಲ್ಲೂ ಇದು ಆಗುತ್ತಲೇ ಇತ್ತಂತೆ, ನಮಗೆ ಕಂಡಿರಲಿಲ್ಲ ಅಷ್ಟೆ. ನಮ್ಮ ಪೇಂಟರ್ ಅಣ್ಣ "ಅಕ್ಕಾ, ಬಣ್ಣ ಹಾಳಾಗಲಿಲ್ಲ, ಗೋಡೆ ಇದ್ದದ್ದನ್ನು ಇದ್ದ ಹಾಗೆ ಹೇಳ್ತಾ ಉಂಟು" ಅಂದ. ನನಗೆ ಆಗ ನಗು ಬರಲಿಲ್ಲ.

ಮೊದಲು ತೇವ ನೋಡಿ. ಆಮೇಲೆ ಬದನೆಯೋ ನೇರಳೆಯೋ.

ಗೋಡೆಗಿವಿ · ಗುರುವಾರ ರಾತ್ರಿ 10:34

ಆಚೆ ಬದಿ ಅತ್ತೆಯ ಕೋಣೆ. ಒಣ ಗೋಡೆ. ಅಕ್ಕಾ, ಹೆದರಿಸಿಬಿಟ್ಟಿರಿ, ಆದರೂ ಥ್ಯಾಂಕ್ಸ್.

ಇವತ್ತು 200 ಎಂಎಲ್ ಸ್ಯಾಂಪಲ್ ಎರಡು ತಂದೆ. ಈಗ ನೇರ ಗೋಡೆ ಮೇಲೆ ಹಚ್ಚಲಾ?

ಶಿರಸಿ ಅಂಗಡಿ · ಗುರುವಾರ ರಾತ್ರಿ 10:41

ಬೇಡ. ಗೋಡೆ ಮೇಲೆ ಹಚ್ಚಿದರೆ ಅಂಚು ಉಬ್ಬಿಕೊಂಡು ಉಳಿಯುತ್ತೆ. ಪೇಂಟರ್ ಎಮರಿ ಪೇಪರಿನಲ್ಲಿ ಉಜ್ಜದಿದ್ದರೆ ಕೊನೆಗೆ ಚೌಕದ ಗುರುತು ಕಾಣುತ್ತೆ. ಎರಡು ದೊಡ್ಡ ಡ್ರಾಯಿಂಗ್ ಶೀಟ್ ತಗೊಂಡು ಅದರ ಮೇಲೆ ಹಚ್ಚಿ. ಎರಡು ಕೋಟ್. ನಡುವೆ ನಾಲ್ಕು ಗಂಟೆ ಬಿಡಿ. ಹಸಿ ಇರುವಾಗ ನೋಡಿ ತೀರ್ಮಾನ ಮಾಡಬೇಡಿ, ಎಮಲ್ಷನ್ ಹಸಿಯಲ್ಲಿ ಹಾಲು ಬೆರೆತಂತೆ ತಿಳಿಯಾಗಿರುತ್ತೆ, ಒಣಗಿದ ಮೇಲೆ ಕಪ್ಪಾಗುತ್ತೆ.

ಸೆರಗು · ಗುರುವಾರ ರಾತ್ರಿ 10:50

ಶೀಟಿನ ಸುತ್ತ ಬಿಳಿ ಅಂಚು ಬಿಡಬೇಡಿ. ಬಿಳಿ ಪಕ್ಕದಲ್ಲಿದ್ದರೆ ಯಾವ ನೇರಳೆಯೂ ಕಪ್ಪಾಗೇ ಕಾಣುತ್ತೆ. ನಿಮ್ಮ ಯಜಮಾನರು "ಎರಡೂ ಕಪ್ಪು" ಅಂದದ್ದು ಅದಕ್ಕೇ ಇರಬೇಕು, ಶೇಡ್ ಕಾರ್ಡಿನ ಸುತ್ತ ಪೂರಾ ಬಿಳಿ ಅಲ್ವಾ? ಪಾಪ, ಅವರ ತಪ್ಪಲ್ಲ.

ಎಣ್ಣೆಗಾಯಿ · ಗುರುವಾರ ರಾತ್ರಿ 10:52

ಮನೀಯವರ ಪರವಾಗಿ ಮಾತಾಡಿದ ಮೊದಲನೇ ಹೆಣ್ಮಗಳು. ನಮಸ್ಕಾರ ರೀ.

ಪ್ರಯೋಗಶಾಲೆ · ಶುಕ್ರವಾರ ಬೆಳಿಗ್ಗೆ 6:48

ತಡವಾಗಿ ನೋಡಿದೆ. ಕೆಮಿಸ್ಟ್ರಿ ಮೇಷ್ಟ್ರು ನಾನು, ಸುಮ್ಮನಿರೋಕೆ ಆಗಲ್ಲ.

ನೇರಳೆ ಬಣ್ಣ ಒಂದು ಕಾಲದಲ್ಲಿ ರಾಜರಿಗೆ ಮಾತ್ರ ಸಿಗುತ್ತಿತ್ತು. ಮೆಡಿಟರೇನಿಯನ್ ಸಮುದ್ರದ ಒಂದು ಜಾತಿಯ ಬಸವನಹುಳುವಿನಿಂದ ತೆಗೆಯುತ್ತಿದ್ದರು, ಒಂದು ಬಟ್ಟೆಗೆ ಸಾವಿರಾರು ಹುಳು. 1856ರಲ್ಲಿ ಲಂಡನ್ನಿನ ವಿಲಿಯಂ ಹೆನ್ರಿ ಪರ್ಕಿನ್ ಅನ್ನುವ 18 ವರ್ಷದ ಹುಡುಗ ಮಲೇರಿಯಾ ಔಷಧಿ ಕ್ವಿನೈನ್ ಮಾಡೋಕೆ ಹೋಗಿ ಎಡವಟ್ಟು ಮಾಡಿಕೊಂಡ. ಪಾತ್ರೆಯಲ್ಲಿ ಕಪ್ಪು ಗಸಿ ಉಳಿಯಿತು. ಸ್ಪಿರಿಟ್ ಹಾಕಿ ತೊಳೆಯೋಕೆ ಹೋದರೆ ನೇರಳೆ ಬಣ್ಣ ಬಿಟ್ಟುಕೊಂಡಿತು. ಕೃತಕ ಬಣ್ಣದ ಉದ್ಯಮ ಶುರುವಾದದ್ದೇ ಅಲ್ಲಿಂದ.

ಈಗಿನ ಪೇಂಟುಗಳಲ್ಲಿ ನೀಲಿ ಕಡೆಯ ನೇರಳೆಗೆ ಹೆಚ್ಚಾಗಿ ಡೈಆಕ್ಸಜೈನ್ ವಯೊಲೆಟ್, ಕೆಂಪು ಕಡೆಯದಕ್ಕೆ ಕ್ವಿನಾಕ್ರಿಡೋನ್ ಅನ್ನುವ ಪಿಗ್ಮೆಂಟ್ ಬಳಸುತ್ತಾರೆ.

ನಿಮಗೆ ಬೇಕಾದ ವಿಷಯ ಇದು: ಸಂಜೆ ಬೆಳಕು ಇಳಿಯುತ್ತಾ ಹೋದಂತೆ ನಮ್ಮ ಕಣ್ಣಿಗೆ ಕೆಂಪು ಮೊದಲು ಮಂಕಾಗುತ್ತೆ, ನೀಲಿ ತಡೆದುಕೊಳ್ಳುತ್ತೆ. ಪುರ್ಕಿನ್ಯೆ ಅನ್ನುವ ಜೆಕ್ ವಿಜ್ಞಾನಿ ಹೂವುಗಳನ್ನು ನೋಡಿಯೇ ಇದನ್ನು ಗಮನಿಸಿದ. ಮುಸ್ಸಂಜೆಯಲ್ಲಿ ದಾಸವಾಳ ಕಪ್ಪಾಗಿ, ಶಂಖಪುಷ್ಪ ಇನ್ನೂ ಎದ್ದು ಕಾಣುವುದನ್ನು ನೀವೇ ನೋಡಿರುತ್ತೀರಿ. ಹಾಗಾಗಿ ಮುಸ್ಸಂಜೆ ಹೊತ್ತಿನಲ್ಲಿ ನಿಮ್ಮ ಬದನೆ ನೇರಳೆಗಿಂತ ಬೇಗ ಕಪ್ಪಾಗುತ್ತೆ.

ದಾವಣಗೆರೆ ಬೆಣ್ಣೆ · ಶುಕ್ರವಾರ ಬೆಳಿಗ್ಗೆ 7:30

ಗೋಡೆಗೆ ಬಣ್ಣ ಕೇಳಿದರು, ಪಿಯುಸಿ ಪಾಠ ಸಿಕ್ಕಿತು.

ಪ್ರಯೋಗಶಾಲೆ · ಶುಕ್ರವಾರ ಬೆಳಿಗ್ಗೆ 7:34

ಫೀಸು ಕೇಳಲಿಲ್ಲವಲ್ಲ.

ಉದ್ದಿನವಡೆ · ಶುಕ್ರವಾರ ಬೆಳಿಗ್ಗೆ 9:12

ಎಲ್ಲರೂ ಕಿಟಕಿ ಕೇಳಿದರು, ಬಲ್ಬ್ ಕೇಳಿದರು. ನೆಲ ಯಾವುದು ಅಂತ ಯಾರೂ ಕೇಳಲಿಲ್ಲ. ಹಳೇ ಮೈಸೂರು ಮನೆ ಅಂದಿರಿ. ಮೊಸಾಯಿಕ್ಕಾ, ರೆಡ್ ಆಕ್ಸೈಡಾ?

ಗೋಡೆಗಿವಿ · ಶುಕ್ರವಾರ ಬೆಳಿಗ್ಗೆ 9:20

ರೆಡ್ ಆಕ್ಸೈಡ್. ಅತ್ತೆ ನಲವತ್ತು ವರ್ಷ ಒರೆಸಿ ಒರೆಸಿ ಕನ್ನಡಿ ಥರ ಆಗಿದೆ.

ಉದ್ದಿನವಡೆ · ಶುಕ್ರವಾರ ಬೆಳಿಗ್ಗೆ 9:23

ಇದನ್ನು ಮೊದಲನೇ ಸಾಲಿನಲ್ಲೇ ಹೇಳಬೇಕಿತ್ತು! ಪಶ್ಚಿಮದ ಬಿಸಿಲು ನೇರ ಆ ಕೆಂಪು ನೆಲಕ್ಕೆ ಬಿದ್ದು ಗೋಡೆಗೆ ಹಾರುತ್ತೆ. ಕೆಂಪು ಕಡೆಯ ಶೇಡಿಗೆ ಇನ್ನಷ್ಟು ಕೆಂಪು. ನಮ್ಮಜ್ಜನ ಮನೆ ಚಾವಡಿಯಲ್ಲಿ ಸುಣ್ಣದ ಗೋಡೆಯೇ ಸಂಜೆ ಹೊತ್ತಿಗೆ ತಿಳಿ ಗುಲಾಬಿಯಾಗುತ್ತಿತ್ತು.

ಬಲ್ಬ್ ಲೆಕ್ಕ · ಶುಕ್ರವಾರ ಬೆಳಿಗ್ಗೆ 9:31

ಇಡೀ ಚರ್ಚೆಯಲ್ಲಿ ಒಳ್ಳೆ ಪ್ರಶ್ನೆ ಇದೇ. ಗುಳ್ಳದ ಜಗಳಕ್ಕೆ ಮಾಫಿ.

ಗೋಡೆಗಿವಿ · ಶನಿವಾರ ರಾತ್ರಿ 11:02

ಎಲ್ಲರೂ ಹೇಳಿದ್ದೆಲ್ಲ ಮಾಡಿದೆ. ವರದಿ ಒಪ್ಪಿಸುತ್ತಿದ್ದೇನೆ.

ಎರಡು ಶೀಟು, ಎರಡೆರಡು ಕೋಟ್, ಅಂಚಿನವರೆಗೂ. ಮಂಚದ ಹಿಂದೆ ಅಂಟಿಸಿದೆ.

ಬೆಳಿಗ್ಗೆ ಎಂಟಕ್ಕೆ ಎರಡೂ ಶೇಡ್ ಕಾರ್ಡಿನಂತೆಯೇ ಇದ್ದವು. ಬದನೆ ನೋಡಿ ಖುಷಿಯಾಯಿತು. ಮನಸ್ಸಿನಲ್ಲಿ ಅದನ್ನೇ ಗಟ್ಟಿ ಮಾಡಿಕೊಂಡೆ.

ಸಂಜೆ ಐದೂವರೆಗೆ ಬಿಸಿಲು ನೆಲಕ್ಕೆ ಬಿತ್ತು. ಬದನೆ ಶೀಟಿನ ಕೆಳಗಿನ ಅರ್ಧ ಕಂದಾಯಿತು. ಕೆಂಡದ ಮೇಲೆ ಸುಟ್ಟ ಬದನೆಕಾಯಿ ಸಿಪ್ಪೆ ಇರುತ್ತಲ್ಲ, ಪಕ್ಕಾ ಅದೇ. ನೇರಳೆ ಮಾತ್ರ ಸ್ವಲ್ಪ ಬೆಚ್ಚಗಾಯಿತು, ಅಷ್ಟೆ.

ಆರೂಮುಕ್ಕಾಲಿಗೆ ಲೈಟ್ ಹಾಕದೆ ಮಂಚದ ಮೇಲೆ ಕೂತೆ. ಮೇಷ್ಟ್ರು ಹೇಳಿದ್ದು ಕಣ್ಣೆದುರೇ ಆಯಿತು. ಮೊದಲು ಬದನೆ ಕಪ್ಪಾಯಿತು. ನೇರಳೆ ಇನ್ನೂ ಒಂದೈದು ನಿಮಿಷ ನೇರಳೆಯಾಗೇ ಇತ್ತು. ಅತ್ತೆ ಬಂದು "ದೀಪ ಹಚ್ಚೋ ಹೊತ್ತಿನಲ್ಲಿ ಕತ್ತಲಲ್ಲಿ ಯಾಕೆ ಕೂತಿದ್ದೀಯ" ಅಂತ ಬೈದರು.

ಮೇಲಿನ 6500ರ ಬ್ಯಾಟನ್ ಹಾಕಿದೆ. ನೇರಳೆ ಶಾಯಿಯಂತಾಯಿತು, ಸ್ಕೂಲಿನ ಇಂಕ್ ಬಾಟಲಿ ನೆನಪಾಯಿತು. ಇಷ್ಟವಾಗಲಿಲ್ಲ. ಬದನೆ ಪರವಾಗಿಲ್ಲ.

ಒಂಬತ್ತರ ಮೇಲೆ ಮಂಚದ 3000ದ ದೀಪ ಮಾತ್ರ. ಇಲ್ಲಿ ಕೇಳಿ. ನೇರಳೆ ಶೀಟು ಬದನೆ ಬಣ್ಣಕ್ಕೆ ಬಂತು. ಶೇಡ್ ಕಾರ್ಡಿನಲ್ಲಿ ನಾನು ಯಾವ ಬಣ್ಣಕ್ಕೆ ಮನಸೋತಿದ್ದೆನೋ ಅದೇ ಬಣ್ಣ. ಕಾರ್ಡ್ ತಂದು ಪಕ್ಕದಲ್ಲಿ ಹಿಡಿಯಲಿಲ್ಲ, ಹಿಡಿದರೆ ಅದೂ ದೀಪಕ್ಕೆ ಬದಲಾಗುತ್ತೆ ಅಂತ ಈಗ ಗೊತ್ತಾಗಿದೆ. ಬೆಳಿಗ್ಗೆ ನೋಡಿದ ನೆನಪಿನಿಂದ ಹೇಳುತ್ತಿದ್ದೇನೆ. ಬದನೆ ಶೀಟು ಆ ಹೊತ್ತಿಗೆ ಕಾಫಿ ಡಿಕಾಕ್ಷನ್.

ನಾವು ಕೋಣೆಯಲ್ಲಿ ಇರುವುದೇ ರಾತ್ರಿ. ನೇರಳೆ ಡಬ್ಬಕ್ಕೆ ಹೇಳಿ ಬಂದೆ. ಬ್ಯಾಟನ್ ಬದಲಿಸಿ 4000ದ್ದು ಹಾಕಿಸುತ್ತೇನೆ.

ಸೆರಗು · ಶನಿವಾರ ರಾತ್ರಿ 11:10

ಬದನೆ ಬೇಕು ಅಂತ ನೇರಳೆ ಕೊಂಡರು. ನಮ್ಮಮ್ಮನಿಗೆ ಓದಿ ಹೇಳುತ್ತೇನೆ.

ತುಮಕೂರು ತಟ್ಟೆಇಡ್ಲಿ · ಶನಿವಾರ ರಾತ್ರಿ 11:13

ನಾನಾಗಿದ್ದರೆ ಬದನೆಯನ್ನೇ ಹೊಡೆಸಿ ಬಲ್ಬ್ ಬದಲಿಸುತ್ತಿದ್ದೆ.

ಬಲ್ಬ್ ಲೆಕ್ಕ · ಶನಿವಾರ ರಾತ್ರಿ 11:16

ನೆಲವನ್ನೂ ಬದಲಿಸುತ್ತೀರಾ?

ಶಿರಸಿ ಅಂಗಡಿ · ಭಾನುವಾರ ಬೆಳಿಗ್ಗೆ 7:20

ಒಂದು ಬಾಕಿ ಇದೆ. ಮ್ಯಾಟ್ ತಗೊಂಡಿರಾ, ಹೊಳಪಿನದಾ? ಕಡು ಬಣ್ಣಕ್ಕೆ ಹೊಳಪು ಹೊಡೆಸಿದರೆ ಹಳೇ ಗೋಡೆಯ ಉಬ್ಬುತಗ್ಗೆಲ್ಲ ಎದ್ದು ಕಾಣುತ್ತೆ. ಪೂರಾ ಮ್ಯಾಟ್ ಆದರೆ ತಲೆ ಒರಗಿದ ಕಡೆ ಎಣ್ಣೆ ಜಿಡ್ಡು, ಉಗುರು ತಾಗಿದರೆ ಬಿಳಿ ಗೀರು. ಮಂಚದ ಹಿಂದಿನ ಗೋಡೆ ಅಂದಿರಿ. ತೊಳೆಯಬಹುದಾದ ಮ್ಯಾಟ್ ಅಂತ ಕೇಳಿ.

ಗೋಡೆಗಿವಿ · ಭಾನುವಾರ ಬೆಳಿಗ್ಗೆ 7:45

ಅದನ್ನೇ ಹೇಳಿದ್ದೇನೆ. ನಮ್ಮ ಮಂಚಕ್ಕೆ ಎತ್ತರದ ಹಲಗೆ ಇದೆ, ತಲೆ ತಾಗಲ್ಲ.

ಗೋಡೆಗಿವಿ · ಬುಧವಾರ ರಾತ್ರಿ 9:50

ಆಯಿತು! ಬೂದು ಪ್ರೈಮರ್, ಮೂರು ಕೋಟ್. ಮೊದಲ ಕೋಟ್ ಆದಾಗ ಅಳು ಬಂದಿತ್ತು, ಹೊಲಿಗೆ ಬಿಚ್ಚಿದ ಬಟ್ಟೆ ಥರ ಪಟ್ಟೆ ಪಟ್ಟೆ. ಪೇಂಟರ್ ಎರಡಕ್ಕೇ ನಿಲ್ಲಿಸೋಕೆ ನೋಡಿದರು. ಶಿರಸಿಯವರ ಮಾತು ನೆನೆದು ಟಾರ್ಚ್ ಅಡ್ಡ ಹಿಡಿದು ತೋರಿಸಿದೆ. ಏನೂ ಮಾತಾಡದೆ ರೋಲರ್ ಎತ್ತಿಕೊಂಡರು. ಈಗ ಮಂಚದ ದೀಪದಲ್ಲಿ ಕೂತು ಬರೆಯುತ್ತಿದ್ದೇನೆ. ಮನೆಯವರು "ಕಪ್ಪು ಅಲ್ಲ ಇದು" ಅಂದರು.

ಎಣ್ಣೆಗಾಯಿ · ಬುಧವಾರ ರಾತ್ರಿ 9:55

ಅಭಿನಂದನೆ ರೀ. ಇವತ್ತ ರಾತ್ರಿ ಊಟಕ್ಕ ಏನು?

ಶಿರಸಿ ಅಂಗಡಿ · ಬುಧವಾರ ರಾತ್ರಿ 10:03

ಉಳಿದ ಬಣ್ಣ ಎಸೆಯಬೇಡಿ. ಗೀರು ಬಿದ್ದರೆ ಬೇಕಾಗುತ್ತೆ. ಗಾಳಿಯಾಡದಂತೆ ಮುಚ್ಚಿ, ಡಬ್ಬದ ಮೇಲೆ ಶೇಡ್ ಕೋಡ್, ತಾರೀಖು ಬರೆದು ಅಟ್ಟದ ಮೇಲಿಡಿ.

ಗೋಡೆಗಿವಿ · ಬುಧವಾರ ರಾತ್ರಿ 10:11

ಬರೆದಿಟ್ಟೆ. ನಾನು 'ನೇರಳೆ' ಅಂತ ಬರೆದಿದ್ದೆ. ಈಗ ನೋಡಿದರೆ ಅತ್ತೆ ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದಾರೆ: 'ಬದನೆಕಾಯಿ ಬಣ್ಣ, ಮಗನ ರೂಮು'.